ಶಾರ್ಜಾದ ಮರಳಲ್ಲಿ ಒಂದು ಜೊತೆ ಹೆಡ್ಡು

ಹಿರಿಯೂರು

ವಿದೇಶಕ್ಕೆ ಹೋಗಿ ಬಂದವರು ಅಲ್ಲಿನ ಕಟ್ಟಡಗಳ ಎತ್ತರದ ಬಗ್ಗೆ, ಕಡಲತೀರದ ಬಗ್ಗೆ ಬರೆಯುತ್ತಾರೆ. ನಾನು ಅವೆರಡನ್ನೂ ವ್ಯಾನಿನ ಕಿಟಕಿಯಿಂದ ನೋಡಿದ್ದಷ್ಟೇ. ನಾನು ನಿಂತು ನೋಡಿದ್ದು ಎಣ್ಣೆ ಕುಡಿದು ಕಪ್ಪಾದ ಮರಳು ಮತ್ತು ಅದರ ಮೇಲೆ ರಾಶಿ ಬಿದ್ದ ಹಳೇ ಎಂಜಿನ್‌ಗಳು. ಹಾಗಿದ್ದೂ ಬರೆಯಲು ಕುಳಿತಿದ್ದೇನೆ, ಯಾಕೆಂದರೆ ಅಲ್ಲಿ ನಾನು ಮಾಡಿಕೊಂಡ ಎಡವಟ್ಟನ್ನು ನಮ್ಮ ಕಡೆಯವರಲ್ಲದೆ ಇನ್ನೊಬ್ಬರು ಮಾಡಲಾರರು.

ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ನನ್ನದೊಂದು ಎಂಜಿನ್ ಬೋರಿಂಗ್ ಶೆಡ್ ಇದೆ. ಲಾರಿ, ಟ್ರ್ಯಾಕ್ಟರ್, ಬೋರ್‌ವೆಲ್ ಗಾಡಿ, ಯಾವುದು ಬಂದರೂ ಎಂಜಿನ್ ಬಿಚ್ಚಿ ಹೊಸದರಂತೆ ಮಾಡಿ ಕಳಿಸುತ್ತೇವೆ. ಅಲ್ಲಿಗೆ ಹೊಸದುರ್ಗದಿಂದ ನಮ್ಮ ಭಾವ ತಿಪ್ಪೇಸ್ವಾಮಿ ತಮ್ಮ ಕಾರನ್ನು ಎಳೆಸಿಕೊಂಡು ಬಂದರು. ಅದು ಅರವತ್ತರ ದಶಕದ ಅಮೆರಿಕದ ಕಾರು. ಭಾವ ಒಂದು ಕಾಲದಲ್ಲಿ ಗಣಿ ಸಾಹುಕಾರರೊಬ್ಬರ ಡ್ರೈವರ್ ಆಗಿದ್ದರು. ಸಾಹುಕಾರರು ಗಣಿ ಮುಚ್ಚಿ ಊರು ಬಿಡುವಾಗ, ಈ ಗಾಡಿ ನಿನ್ನ ಕೈಗಷ್ಟೇ ಒಗ್ಗಿದೆ ಎಂದು ಇವರಿಗೇ ಬಿಟ್ಟುಕೊಟ್ಟು ಹೋದರು. ಹೋದ ಬೇಸಿಗೆಯಲ್ಲಿ ಹೊಳಲ್ಕೆರೆ ರಸ್ತೆಯಲ್ಲಿ ರೇಡಿಯೇಟರ್ ಪೈಪು ಒಡೆದು, ನೀರಿಲ್ಲದೆ ಎಂಜಿನ್ ಕಾದು, ಎರಡು ಹೆಡ್ಡೂ ಬಿರುಕು ಬಿಟ್ಟಿದ್ದವು.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಕಾರಿನ ಎಂಜಿನ್‌ನಲ್ಲಿ ಎಂಟು ಸಿಲಿಂಡರ್. ಅತ್ತ ನಾಲ್ಕು, ಇತ್ತ ನಾಲ್ಕು, ಕೈ ಜೋಡಿಸಿ ಬಿಡಿಸಿದ ಹಾಗೆ ಓರೆಯಾಗಿ ಕೂತಿರುತ್ತವೆ. ನಾಲ್ಕು ಸಿಲಿಂಡರಿಗೆ ಒಂದು ಮುಚ್ಚಳ. ಅದೇ ಹೆಡ್ಡು. ಹಾಗಾಗಿ ಹೆಡ್ಡು ಯಾವಾಗಲೂ ಜೊತೆಯಲ್ಲೇ ಬೇಕು, ಎರಡೂ ಒಂದೇ ಥರದವು ಬೇಕು. ಮುಚ್ಚಳದ ಒಳಮೈಯಲ್ಲಿ ಪ್ರತಿ ಸಿಲಿಂಡರಿಗೂ ಒಂದು ಗುಳಿ ಇರುತ್ತದೆ. ಪೆಟ್ರೋಲು ಉರಿಯುವುದು ಅಲ್ಲೇ. ಗುಳಿ ಚಿಕ್ಕದಾದರೆ ಒತ್ತಡ ಮಿತಿಮೀರಿ, ನಮ್ಮ ಬಂಕುಗಳ ಪೆಟ್ರೋಲಿಗೆ ಎಂಜಿನ್ ಒಳಗೊಳಗೇ ಬಡಿದುಕೊಂಡು ಪಿಸ್ಟನ್ ತೂತು ಬೀಳುತ್ತದೆ. ತೀರಾ ದೊಡ್ಡದಾದರೆ ಗಾಡಿ ಏರು ಹತ್ತುವುದಿಲ್ಲ. ಭಾವನ ಎಂಜಿನ್ ಬ್ಲಾಕನ್ನು, ಅಂದರೆ ಸಿಲಿಂಡರುಗಳಿರುವ ಬುಡವನ್ನು, ನಾನು ಆಗಲೇ ಕೊನೆಯ ಅಳತೆಯವರೆಗೂ ಕೊರೆದಾಗಿತ್ತು. ತಪ್ಪು ಹೆಡ್ಡು ಕೂರಿಸಿ ಒಂದು ಸಿಲಿಂಡರ್ ಕೆಟ್ಟರೂ ಇನ್ನೊಮ್ಮೆ ಕೊರೆಯಲು ಗೋಡೆಯೇ ಉಳಿದಿರಲಿಲ್ಲ.

ಇಷ್ಟೇ ಆಗಿದ್ದರೆ ಅಮೆರಿಕದಿಂದ ತರಿಸಿ, ತಿಂಗಳುಗಟ್ಟಲೆ ಕಾದು, ಹೊಂದದಿದ್ದರೆ ವಾಪಸ್ ಕಳಿಸಿ, ಆರಾಮಾಗಿ ಮಾಡಬಹುದಿತ್ತು. ಆದರೆ ಭಾವನಿಗೆ ಕಾಲಾವಕಾಶ ಇರಲಿಲ್ಲ. ಅವರ ಕಣ್ಣೊಳಗೆ ಒತ್ತಡ ಏರಿ, ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುತ್ತಿತ್ತು. ಹಗಲು ಹೊತ್ತು, ಪಕ್ಕದಲ್ಲಿ ಒಬ್ಬರು ಇದ್ದರೆ, ಸದ್ಯಕ್ಕೆ ಗಾಡಿ ಓಡಿಸಬಹುದು, ಮುಂದಿನ ತಪಾಸಣೆಯಲ್ಲಿ ಬಹುಶಃ ಬೇಡ ಎನ್ನಬೇಕಾಗುತ್ತದೆ ಎಂದು ಚಿತ್ರದುರ್ಗದ ಕಣ್ಣಿನ ಡಾಕ್ಟರು ಹೇಳಿದ್ದರಂತೆ. ನನ್ನ ಅಕ್ಕನಿಗೂ ಪೂರ್ತಿ ಹೇಳಿರಲಿಲ್ಲ. ನನ್ನ ಶೆಡ್ಡಿನಲ್ಲಿ ಟೈರಿನ ಮೇಲೆ ಕುಳಿತು ಹೇಳಿದರು. "ರಂಗ, ಒಂದ್ಸಲ ನನ್ನ ಕೈಯಾರೆ ಓಡಿಸ್ಬೇಕಪ್ಪ. ಕಣ್ಣಿರೋವಾಗ್ಲೇ."

ಅಮೆರಿಕದ ಹಳೇ ಗಾಡಿಗಳ ಬಿಡಿಭಾಗ ರಾಶಿ ರಾಶಿ ಸಿಗುವುದು ಶಾರ್ಜಾದಲ್ಲಿ ಎಂದು ಹೊಳಲ್ಕೆರೆಯ ಮಂಜಣ್ಣ ಹೇಳಿದ್ದ. ಅವನು ಅಲ್ಲಿ ಲಾರಿ ಓಡಿಸುತ್ತಾನೆ. ನಾನು ಒಬ್ಬನೇ ಹೋಗುತ್ತೇನೆ ಎಂದರೆ ಭಾವ ಕೇಳಲಿಲ್ಲ. ಅಕ್ಕ ಕಟ್ಟಿಕೊಟ್ಟ ಕಡಕ್ ರೊಟ್ಟಿಯ ಗಂಟು ಹಿಡಿದು ಅವರೂ ವಿಮಾನ ಹತ್ತಿದರು.

ಇಳಿದ ಕೂಡಲೇ

ಗುಳಿಯ ಅಳತೆ ತೆಗೆಯಲು ನನ್ನದೊಂದು ಉಪಾಯವಿದೆ. ಹೆಡ್ಡನ್ನು ಮಗುಚಿಟ್ಟು, ತೂತಿರುವ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗ್ರೀಸು ಹಚ್ಚಿ ಗುಳಿಯ ಮೇಲೆ ಕೂರಿಸಿ, ತೂತಿನಿಂದ ಬಣ್ಣದ ನೀರು ತುಂಬುವುದು. ಎಷ್ಟು ನೀರು ಹಿಡಿಯಿತೋ ಅಷ್ಟು ಗುಳಿ. ನೀರು ತುಂಬಲು ನಾನು ಬಳಸುವುದು ಕುರಿಗಳಿಗೆ ಜಂತಿನ ಔಷಧಿ ಕುಡಿಸುವ ಸಿರಿಂಜು. ಹಿರೇಗುಂಟನೂರು ಕಡೆ ನಮ್ಮ ಮನೆಯಲ್ಲಿ ಈಗಲೂ ಕುರಿ ಹಿಂಡಿದೆ, ಸಿರಿಂಜಿಗೆ ಬರವಿಲ್ಲ.

ಶಾರ್ಜಾ ವಿಮಾನ ನಿಲ್ದಾಣದ ತಪಾಸಣೆಯ ಅಧಿಕಾರಿ ಚೀಲದಿಂದ ಅದನ್ನು ಎತ್ತಿ ಹಿಡಿದರು. ತೋಳುದ್ದದ ಸಿರಿಂಜು, ಜೊತೆಗೆ ನೀರಿಗೆ ಬಣ್ಣ ಬರಿಸುವ ನೀಲಿ ಪುಡಿಯ ಪೊಟ್ಟಣ. ಆ ದೇಶದಲ್ಲಿ ಅನುಮಾನದ ಪುಡಿಗೆ ಏನು ಶಿಕ್ಷೆ ಎಂಬುದನ್ನು ಮಂಜಣ್ಣ ಫೋನಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ವರ್ಣಿಸಿದ್ದ. ಗ್ಯಾರೇಜಿನಲ್ಲಿ ಕಲಿತ ಉರ್ದುವಿನಲ್ಲಿ ಕುರಿ, ಕಾರು, ಗುಳಿ ಎಂದು ನಾನು ವಿವರಿಸಿದಷ್ಟೂ ಕೇಳುವವರ ಸಂಖ್ಯೆ ಹೆಚ್ಚಾಯಿತು. ಕೊನೆಗೆ ಭಾವ ಮುಂದೆ ಬಂದು, ನೀಲಿ ಪುಡಿಯನ್ನು ಬೆರಳಿಗೆ ತಗುಲಿಸಿಕೊಂಡು ತಮ್ಮ ಬಿಳಿ ಪಂಚೆಯ ಅಂಚಿಗೆ ಒರೆಸಿ ತೋರಿಸಿದರು. ಅದು ಬಟ್ಟೆಗೆ ಹಾಕುವ ನೀಲಿ ಎಂದು ಆ ಅಧಿಕಾರಿಗೆ ತಟ್ಟನೆ ಹೊಳೆಯಿತು. ಅವರ ಮನೆಯಲ್ಲೂ ಬಿಳಿ ನಿಲುವಂಗಿಗೆ ಅದನ್ನೇ ಹಾಕುತ್ತಾರೋ ಏನೋ. ನಗದೆಯೇ ಚೀಲ ಮುಚ್ಚಿ ಕಳಿಸಿಕೊಟ್ಟರು.

ಖಾನ್ ಸಾಹೇಬರ ಅಂಗಡಿ

ಚಿತ್ರದುರ್ಗದಲ್ಲಿ ಗುಜರಿ ಅಂಗಡಿಗಳೆಲ್ಲ ಸೇರಿ ಒಂದು ಬೀದಿಯಾಗಬಹುದು. ಇಲ್ಲಿ ಊರಿಗೆ ಊರೇ ಅದು. ಒಂದು ಬೀದಿ ತುಂಬ ಬಾಗಿಲುಗಳು, ಇನ್ನೊಂದರಲ್ಲಿ ಬರೀ ಗೇರ್‌ಬಾಕ್ಸ್. ಯಾವುದಕ್ಕೂ ಬೀಗವಿಲ್ಲ, ಎಲ್ಲವೂ ಅಂಗಡಿ ಮುಂದೆ ಮರಳಲ್ಲೇ ಬಿದ್ದಿರುತ್ತವೆ. ನಮ್ಮ ಶೆಡ್ಡಿನ ಮುಂದೆ ಒಂದು ಹಳೇ ಬೇರಿಂಗ್ ಬಿಟ್ಟು ಊಟಕ್ಕೆ ಹೋದರೆ ಬರುವಷ್ಟರಲ್ಲಿ ಅದಕ್ಕೆ ಕಾಲು ಬಂದಿರುತ್ತದೆ. ಇನ್ನೊಂದು ವಿಚಿತ್ರ, ಇಲ್ಲಿ ಚಹಾ ಬೇಕಾದವರು ಹೋಟೆಲಿನೊಳಗೆ ಹೋಗುವುದಿಲ್ಲ. ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ, ಚಹಾ ಕಿಟಕಿಗೇ ಬರುತ್ತದೆ. ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹೀಗೆ ಮಾಡಿದರೆ ಚಹಾ ಕಿಟಕಿಗಲ್ಲ, ಮುಖಕ್ಕೇ ಬರುತ್ತದೆ ಎಂದರು ಭಾವ.

ಸುತ್ತಿ ಸುತ್ತಿ ಸುಸ್ತಾದ ಮೇಲೆ ಪೇಶಾವರದ ಕಡೆಯ ಒಬ್ಬ ಖಾನ್ ಸಾಹೇಬರ ಅಂಗಡಿ ಸಿಕ್ಕಿತು. ಬಿಳಿ ಗಡ್ಡದ, ಕಡಿಮೆ ಮಾತಿನ ಮನುಷ್ಯ. ನಮ್ಮ ಎಂಜಿನ್ನಿಗೆ ಕೂರುವ ಎರಡು ಜೊತೆ ಹೆಡ್ಡು ಅವರಲ್ಲಿದ್ದವು, ಎರಡರ ದರವನ್ನೂ ಒಂದೇ ಮಾತಿನಲ್ಲಿ ಹೇಳಿದರು. ಒಂದು ಅಲ್ಯೂಮಿನಿಯಂ ಜೊತೆ, ಹೊಚ್ಚ ಹೊಸದು, ಬೆಳ್ಳಿ ತಟ್ಟೆಯಂತೆ ಹೊಳೆಯುತ್ತಿತ್ತು, ರೇಸಿನವರಿಗೆಂದು ಮಾಡಿದ್ದು. ಇನ್ನೊಂದು ಬೀಡು ಕಬ್ಬಿಣದ್ದು, ಹಳೆಯದು, ತುಕ್ಕು ಹಿಡಿದು ಮರಳಲ್ಲಿ ಅರ್ಧ ಹೂತಿತ್ತು. ಒಂದೊಂದು ಹೆಡ್ಡೂ ಅರ್ಧ ಮೂಟೆ ಸಿಮೆಂಟಿನಷ್ಟು ಭಾರ.

ಅವರು ಒಳಗೆ ಬೇರೆ ಗಿರಾಕಿಯ ಹತ್ತಿರ ಇದ್ದಾಗ ಎರಡನ್ನೂ ಅಳೆದೆ. ಅಲ್ಯೂಮಿನಿಯಂ ಹೆಡ್ಡಿನ ಗುಳಿ ಚಿಕ್ಕದು, ನಮ್ಮ ಪೆಟ್ರೋಲಿಗೆ ಆಗದು. ಕಬ್ಬಿಣದ್ದರಲ್ಲಿ ಎಂಟು ಗುಳಿಯೂ ನನಗೆ ಬೇಕಾದಷ್ಟೇ ನೀರು ಹಿಡಿದವು. ಎರಕದ ನಂಬರ್ ನೋಡಿದರೆ, ಸೀಸವಿಲ್ಲದ ಈಗಿನ ಪೆಟ್ರೋಲಿಗೂ ಸವೆಯದ ಗಟ್ಟಿ ವಾಲ್ವ್ ಸೀಟು, ಅಂದರೆ ವಾಲ್ವ್ ಕೂರುವ ಬಳೆ, ಹಾಕಿದ ಕಾಲದ್ದು. ಸೀಮೆಎಣ್ಣೆ ಹಚ್ಚಿ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿದೆ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೇಲೆ ಬಂದು ಸುಣ್ಣದಲ್ಲಿ ಗೆರೆ ಮೂಡುತ್ತದೆ. ಒಂದು ಗೆರೆಯೂ ಮೂಡಲಿಲ್ಲ. ಭಾವನ ಕಾರಿಗೆಂದೇ ಯಾರೋ ತೆಗೆದಿಟ್ಟಂತಿದ್ದವು.

ಇಲ್ಲಿಯೇ ನಾನು ಕೆಟ್ಟದ್ದು. ಕುರಿ ಸಾಕುವ ಮನೆಗಳಲ್ಲಿ ಒಂದು ಪದ್ಧತಿ. ಸಂತೆಯಲ್ಲಿ ಯಾವ ಕುರಿ ಮನಸ್ಸಿಗೆ ಬಂತೋ ಅದರ ಕಡೆ ತಿರುಗಿಯೂ ನೋಡಬಾರದು. ಬೇಡದ ಕುರಿಯ ಬೆನ್ನು ಸವರಬೇಕು, ಬೇಕಾದ ಕುರಿಗೆ ಕಾಲು ಕುಂಟು, ಹಲ್ಲು ಸವೆದಿದೆ ಎಂದು ಇಲ್ಲದ ಹುಳುಕು ಹೇಳಬೇಕು. ಹೊಗಳಿದರೆ ಕುರಿಗೆ ದೃಷ್ಟಿಯಾಗುತ್ತದೆ, ಮಾರುವವನಿಗೆ ಆಸೆ ಹುಟ್ಟುತ್ತದೆ. ಆಮೇಲೆ ಬೇಡವೆಂದು ಎದ್ದು ಹೋಗಿ, ಮತ್ತೆ ಬಂದು ಹಗ್ಗ ಹಿಡಿಯಬೇಕು. ಮಾರುವವನಿಗೂ ಇದು ಗೊತ್ತು. ಹುಳುಕು ಹೇಳಿದಷ್ಟೂ ಗಿರಾಕಿ ಗಟ್ಟಿ ಎಂದು ಅವನು ಒಳಗೇ ನಗುತ್ತಾನೆ. ನಮ್ಮ ಮನೆಯ ಅಳಿಯನಾದ ಭಾವನಿಗೂ ಇದು ನೀರು ಕುಡಿದಷ್ಟು ಸಲೀಸು.

ಹಾಗಾಗಿ ನಾನು ಅಲ್ಯೂಮಿನಿಯಂ ಹೆಡ್ಡನ್ನು ಸವರಿ ಸವರಿ ಹೊಗಳಿದೆ. ಕಬ್ಬಿಣದ್ದನ್ನು ಕಾಲಿನಿಂದ ತಳ್ಳಿ, ಇದು ಬಿರುಕು ಬಿಟ್ಟಿದೆ ಎಂದೆ. ಭಾವ ಪಕ್ಕದಿಂದ ಮುಖ ಸಿಂಡರಿಸಿ ತಲೆಯಾಡಿಸಿದರು. ಖಾನ್ ಸಾಹೇಬರು ನನ್ನನ್ನೇ ನೋಡಿದರು. ನಿನ್ನ ಕಣ್ಣಾರೆ ನೋಡಿದೆಯಾ ಎಂದು ಕೇಳಿದರು. ನೋಡಿದೆ ಎಂದೆ. ಒಂದರಲ್ಲೋ ಎರಡರಲ್ಲೋ ಎಂದರು. ಎರಡರಲ್ಲೂ ಎಂದೆ. ಅವರು ಗಡ್ಡ ನೀವಿಕೊಂಡು, ತಿಳಿಸಿದ್ದಕ್ಕೆ ದೇವರು ನಿನಗೆ ಒಳ್ಳೆಯದು ಮಾಡಲಿ ಎಂದರು. ಪಾರ್ಟಿ ಬಲು ಪಕ್ಕಾ, ನಮ್ಮ ಆಟ ಇವರಿಗೂ ಗೊತ್ತು ಎಂದುಕೊಂಡೆ. ನಾಳೆ ಬರುತ್ತೇವೆಂದು ಹೇಳಿ, ಪದ್ಧತಿಯಂತೆ ಎದ್ದು ಬಂದೆವು. ಆ ಸಂಜೆ ಮಂಜಣ್ಣನ ಕೋಣೆಯಲ್ಲಿ ರೊಟ್ಟಿ ಮುರಿಯುತ್ತಾ ಭಾವ ನನ್ನ ನಾಟಕವನ್ನು ಬಾಯ್ತುಂಬ ಹೊಗಳಿದರು.

ಮರುದಿನ

ಮರಳಲ್ಲಿ ಎರಡು ಗುಂಡಿ ಮಾತ್ರ ಇದ್ದವು. ಕಬ್ಬಿಣದ ಹೆಡ್ಡು ಇರಲಿಲ್ಲ.

ಬೇರೆಯವರು ಕೊಂಡುಹೋದರೇ ಎಂದು ಕೇಳಿದಾಗ ಖಾನ್ ಸಾಹೇಬರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಿರುಕು ಬಿಟ್ಟದ್ದನ್ನು ಯಾರಿಗೆ ಮಾರಲಿ ಎಂದರು. ಅಂಗಡಿಯಲ್ಲಿ ಇಟ್ಟುಕೊಂಡರೆ ತಾನಿಲ್ಲದಾಗ ಮಗ ಗೊತ್ತಿಲ್ಲದೆ ಯಾರಿಗಾದರೂ ಕೊಟ್ಟುಬಿಡಬಹುದು, ಆ ಪಾಪ ತನಗೆ ಬೇಡ. ಅದಕ್ಕೇ ಬೆಳಿಗ್ಗೆ ಬಂದ ಗುಜರಿ ಲಾರಿಗೆ ಹಾಕಿ ಕಳಿಸಿದೆ, ಕರಗಿಸುತ್ತಾರೆ ಎಂದರು.

ಭಾವನಿಗೆ ಉರ್ದು ಅಷ್ಟಕ್ಕಷ್ಟೇ. ಏನಂತೆ, ಏನಂತೆ ಎಂದು ನನ್ನ ತೋಳು ಹಿಡಿದರು. ನಾನು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಲ್ಲೇ ಇದ್ದ ಒಂದು ಎಂಜಿನ್ ಬ್ಲಾಕಿನ ಮೇಲೆ ಕುಳಿತು, ಆ ಎರಡು ಗುಂಡಿಗಳನ್ನು ನೋಡುತ್ತಿದ್ದರು. ಹೊಸ ಜೊತೆ ಹುಡುಕಿ, ತರಿಸಿ, ಕೂರಿಸುವಷ್ಟರಲ್ಲಿ ಡಾಕ್ಟರು ಹೇಳಿದ ತಪಾಸಣೆ ಬಂದಿರುತ್ತದೆ ಎಂಬುದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಬಾಯಿಗೆ ಮಣ್ಣು ಬೀಳಲಿ ಎಂದು ನಾನೇ ಶಪಿಸಿಕೊಂಡೆ.

ಖಾನ್ ಸಾಹೇಬರಿಗೆ ಎಲ್ಲ ಬಿಚ್ಚಿ ಹೇಳಿದೆ. ಬಿರುಕಿರಲಿಲ್ಲ, ಅದೇ ನನಗೆ ಬೇಕಾಗಿತ್ತು, ನಮ್ಮಲ್ಲಿ ಕುರಿ ಕೊಳ್ಳುವಾಗ ಹೀಗೆ ಎಂದೆ. ಅವರ ಮುಖ ಗಂಟಿಕ್ಕಿತು. ತಮ್ಮೂರಲ್ಲೂ ಕುರಿಗಳಿವೆ ಎಂದರು. ಆಮೇಲೆ ನಿಧಾನವಾಗಿ ಅಂದದ್ದು ಇಷ್ಟು: "ಕುರಿಗೆ ಮಾತು ತಿಳಿಯುವುದಿಲ್ಲ. ನನಗೆ ತಿಳಿಯುತ್ತದೆ."

ಅವರೇ ಎದ್ದು, ಅಂಗಡಿ ಮಗನಿಗೆ ಬಿಟ್ಟು, ನಡೆಯಿರಿ ಎಂದರು.

ಗುಜರಿ ಮೈದಾನ

ಮಂಜಣ್ಣ ತನ್ನ ಲಾರಿ ಮಾಲೀಕನಿಗೆ ಏನೋ ಸುಳ್ಳು ಹೇಳಿ ಒಂದು ವ್ಯಾನ್ ತಂದ. ಅಲ್ಲಿನ ಟ್ರಾಫಿಕ್ಕಿನಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ, ಯಾರೂ ನುಗ್ಗುವುದಿಲ್ಲ, ಆರು ಸಾಲಿನಲ್ಲಿ ಶಿಸ್ತಾಗಿ ನಿಂತುಬಿಡುತ್ತಾರೆ. ನಮ್ಮ ಹಿರಿಯೂರು ಸರ್ಕಲ್ಲಿನ ದೊಂಬಿಯಲ್ಲಾದರೆ ಸಂದಿಯಲ್ಲಾದರೂ ತೂರಿಕೊಳ್ಳಬಹುದಿತ್ತು. ಆ ಶಿಸ್ತನ್ನು ನೋಡಿ ನನಗೆ ಅಳು ಬರುವಂತಾಯಿತು.

ಮೈದಾನದಲ್ಲಿ ಕಬ್ಬಿಣದ ಗುಡ್ಡಗಳಿದ್ದವು. ಒಂದು ಕ್ರೇನು ಬಂಡಿ ಚಕ್ರದಷ್ಟು ಅಗಲದ ಅಯಸ್ಕಾಂತವನ್ನು ಗುಡ್ಡದ ಮೇಲಿಳಿಸಿ, ಅಂಟಿದ್ದನ್ನೆಲ್ಲ ಎತ್ತಿ, ದೊಡ್ಡ ಲಾರಿಯೊಳಕ್ಕೆ ದಬದಬ ಬೀಳಿಸುತ್ತಿತ್ತು. ಖಾನ್ ಸಾಹೇಬರು ಮೇಸ್ತ್ರಿಯ ಹತ್ತಿರ ಮಾತಾಡಿ ಕ್ರೇನು ನಿಲ್ಲಿಸಿದರು. ಆ ಲಾರಿ ಹೊರಡಬೇಕಾದ ಹೊತ್ತಿನವರೆಗೆ ಮಾತ್ರ ನಿಲ್ಲಿಸುವುದಾಗಿ ಅವನು ಗೊಣಗಿದ. ಬಿಸಿಲಿಗೆ ಕಬ್ಬಿಣ ಮುಟ್ಟಿದರೆ ಸುಡುತ್ತಿತ್ತು. ಮಂಜಣ್ಣ, ನಾನು ಗುಡ್ಡ ಹತ್ತಿ ಹುಡುಕಿದೆವು. ಭಾವ ಕೆಳಗೆ ಬುಡದಲ್ಲಿ, ತಲೆಯನ್ನು ಪೂರ್ತಿ ಅತ್ತಿತ್ತ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಎದುರಿಗಿದ್ದದ್ದು ಬಿಟ್ಟರೆ ಪಕ್ಕದ್ದು ಕಾಣಲು ಅವರು ಅಷ್ಟು ಒದ್ದಾಡಬೇಕು ಎಂಬುದು ನನಗೆ ಅವತ್ತೇ ತಿಳಿದದ್ದು. ನೋಡಲಾಗದೆ ಬೇರೆ ಕಡೆ ತಿರುಗಿದೆ.

ಮೊದಲನೆಯ ಹೆಡ್ಡು ಗುಡ್ಡದ ನೆತ್ತಿಯಲ್ಲೇ ಸಿಕ್ಕಿತು. ಎರಡನೆಯದನ್ನು ಅಯಸ್ಕಾಂತ ಆಗಲೇ ಲಾರಿಗೆ ಬೀಳಿಸಿತ್ತು. ಮೇಲಿನ ಸರಕನ್ನು ಕೈಯಿಂದಲೇ ಸರಿಸಿ, ಇಬ್ಬರು ಹಿಡಿದು ಇಳಿಸಿದೆವು. ಬೀಡು ಕಬ್ಬಿಣದ ಜಾತಿ ಗೊತ್ತಲ್ಲ, ಬಗ್ಗುವುದಿಲ್ಲ, ಒಡೆಯುತ್ತದೆ. ಅಷ್ಟೆತ್ತರದಿಂದ ಬಿದ್ದದ್ದು. ನಿನ್ನೆ ನಾನು ಆಡಿದ ಸುಳ್ಳು ಇವತ್ತು ನಿಜವಾಗಿರಬಹುದು.

ಮೊದಲನೆಯದರ ಸುಣ್ಣದಲ್ಲಿ ಗೆರೆ ಮೂಡಲಿಲ್ಲ. ಎರಡನೆಯದನ್ನು ನೆಲಕ್ಕೆ ಮಗುಚಿ ಸೀಮೆಎಣ್ಣೆ ಹಚ್ಚಿದೆ. ಒರೆಸಿದೆ. ಸುಣ್ಣ ತಿಕ್ಕಿದೆ. ಭಾವ, ಖಾನ್ ಸಾಹೇಬರು, ಮಂಜಣ್ಣ ಮೂವರೂ ಬಗ್ಗಿ ನಿಂತಿದ್ದರು. ಮೂರನೆಯ ಗುಳಿಯಲ್ಲಿ, ಎರಡು ವಾಲ್ವ್ ಸೀಟುಗಳ ನಡುವೆ, ಬಿಳಿ ಸುಣ್ಣದಲ್ಲಿ ಕೂದಲೆಳೆಯಷ್ಟು ತೆಳು ಗೆರೆ ಮೂಡಿತು. ಬಿರುಕು ಬಿಡುವ ಹೆಡ್ಡು ಬಿಡುವುದೇ ಅಲ್ಲಿ.

"ಹೋತಾ?" ಎಂದರು ಭಾವ.

ತಡೀರಿ ಎಂದೆ. ಉಗುರಿನಿಂದ ಗೀರಿದರೆ ಅಂಚು ಸಿಕ್ಕಿತು. ಇನ್ಯಾವುದೋ ಕಬ್ಬಿಣದ ಮೂಲೆ ಮೇಲೆ ಬಿದ್ದು ಗೀಚಿದ್ದರೂ ಎಣ್ಣೆ ಅಲ್ಲಿ ನಿಂತು ಹೀಗೇ ತೋರುತ್ತದೆ. ನಯವಾದ ಉಪ್ಪುಕಾಗದದಿಂದ ಗೆರೆಯನ್ನು ಮೆಲ್ಲಗೆ ತಿಕ್ಕಿ ತೆಗೆದೆ. ಮತ್ತೆ ಎಣ್ಣೆ, ಮತ್ತೆ ಒರೆಸುವುದು, ಮತ್ತೆ ಸುಣ್ಣ. ಬಿರುಕಾಗಿದ್ದರೆ ಗೆರೆ ಮತ್ತೆ ಬರಲೇಬೇಕು. ಕ್ರೇನಿನವನು ಎರಡು ಸಲ ಕೂಗು ಹಾಕಿದ. ಯಾರೂ ತಲೆ ಎತ್ತಲಿಲ್ಲ. ಬೆವರು ಸುಣ್ಣದ ಮೇಲೆ ಬೀಳದಿರಲೆಂದು ಮಂಜಣ್ಣ ನನ್ನ ಹಣೆಗೆ ತನ್ನ ಟವೆಲ್ ಒತ್ತಿ ಹಿಡಿದಿದ್ದ. ಕಾದೆವು. ಸುಣ್ಣ ಬೆಳ್ಳಗೇ ಉಳಿಯಿತು. ಹೊಗೆಯ ಮ್ಯಾನಿಫೋಲ್ಡ್ ಕೊಳವೆ ಕೂರುವ ಕಡೆಯ ಒಂದು ಬೋಲ್ಟಿನ ಕಿವಿ ಮಾತ್ರ ಮುರಿದಿತ್ತು, ಅದನ್ನು ಹಿರಿಯೂರಿನಲ್ಲಿ ನಾನೇ ಬೆಸೆಯಬಲ್ಲೆ.

ಖಾನ್ ಸಾಹೇಬರು ನೇರ ನಿಂತರು. ಈಗ ಹೇಳು, ಇದು ಒಳ್ಳೆಯದೋ ಕೆಟ್ಟದ್ದೋ ಎಂದರು.

ನೀವು ನಂಬಲಿಕ್ಕಿಲ್ಲ, ಕೊಳ್ಳುವ ಸರಕನ್ನು ಮಾರುವವನ ಎದುರು ಹೊಗಳುವುದು ನನ್ನ ಜನ್ಮದಲ್ಲೇ ಮೊದಲು. ಎಲ್ಲರ ಮುಂದೆ ಅಂಗಿ ಬಿಚ್ಚಿದಷ್ಟು ನಾಚಿಕೆಯಾಯಿತು. "ಒಳ್ಳೆಯದು, ಖಾನ್ ಸಾಹೇಬ್," ಎಂದೆ. "ಇದಕ್ಕಿಂತ ಒಳ್ಳೆಯದು ನನಗೆ ಬೇರೆಲ್ಲೂ ಸಿಗುವುದಿಲ್ಲ."

ಅವರು ತಲೆಯಾಡಿಸಿದರು. ನಿನ್ನೆ ಹೇಳಿದ ದರಕ್ಕಿಂತ ಒಂದು ಕಾಸು ಹೆಚ್ಚು ಕೇಳಲಿಲ್ಲ. ಮಂಜಣ್ಣ ಹೆಡ್ಡುಗಳನ್ನು ಮರದ ಪೆಟ್ಟಿಗೆಗೆ ಹಾಕಿ ಕಾರ್ಗೋಗೆ ಕೊಟ್ಟ.

ಹೊಸದುರ್ಗ

ಪೆಟ್ಟಿಗೆ ಬಂದ ದಿನದಿಂದ ಬೇರೆ ಕೆಲಸ ಮುಟ್ಟಲಿಲ್ಲ. ಎಂಜಿನ್ ಶುರುವಾದಾಗ ಶೆಡ್ಡಿನ ತಗಡು ನಡುಗಿತು. ಬಡಿತವಿಲ್ಲ, ಹೊಗೆಯಿಲ್ಲ. ಭಾವನ ತಪಾಸಣೆಗೆ ಇನ್ನೂ ಸ್ವಲ್ಪ ದಿನ ಉಳಿದಿದ್ದವು. ಕಾರನ್ನು ಹೊಸದುರ್ಗಕ್ಕೆ ಒಯ್ದು, ಅಲ್ಲಿಂದ ಹೊಳಲ್ಕೆರೆ ರಸ್ತೆಗೆ ಬಿಟ್ಟೆವು. ಬೆಳಗಿನ ಹೊತ್ತು, ರಸ್ತೆ ಖಾಲಿ. ಸ್ಟೇರಿಂಗ್ ಅವರ ಕೈಯಲ್ಲಿ, ಪಕ್ಕದಲ್ಲಿ ನಾನು.

ಭಾವ ಅಷ್ಟು ಚೆನ್ನಾಗಿ ಓಡಿಸಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಬೆನ್ನು ನೆಟ್ಟಗಾಗಿತ್ತು. ಗಣಿ ದಿಬ್ಬದ ಏರನ್ನು ಕಾರು ನಿಟ್ಟುಸಿರೂ ಬಿಡದೆ ಹತ್ತಿತು. ಅವರು ನನ್ನ ಕಡೆ ನೋಡದೆಯೇ ನಕ್ಕರು.

ಇಳಿಜಾರು ಮುಗಿಯುವಲ್ಲಿ, ಎಡಗಡೆಯ ಹೊಲದ ದಾರಿಯಿಂದ ಮೊಪೆಡ್ಡಿನಲ್ಲಿ ಹುಲ್ಲಿನ ಹೊರೆ ಹೇರಿಕೊಂಡು ಒಬ್ಬ ರಸ್ತೆಗೆ ಬರುತ್ತಿದ್ದ. ದೂರದಿಂದಲೇ ಕಾಣುತ್ತಿದ್ದ. ಭಾವ ವೇಗ ಇಳಿಸಲಿಲ್ಲ. ಈಗ ಇಳಿಸುತ್ತಾರೆ, ಈಗ ಇಳಿಸುತ್ತಾರೆ ಎಂದು ಕಾದೆ. "ಭಾವ, ಎಡಗಡೆ" ಎಂದು ನಾನೇ ಕಿರುಚಿದೆ. ಬ್ರೇಕು ಬಿತ್ತು. ಕಾರು ಓರೆಯಾಗಿ ನಿಂತಿತು. ಮೊಪೆಡ್ಡಿನವನು ನಮ್ಮ ಬಂಪರ್ ಸವರಿಕೊಂಡು ದಾಟಿ, ಹಿಂತಿರುಗಿ ಬೈದು ಹೋದ. ಉದುರಿದ ಹುಲ್ಲು ಬಾನೆಟ್ಟಿನ ಮೇಲೆ ಬಿದ್ದಿತ್ತು.

ಎಂಜಿನ್ ಓಡುತ್ತಲೇ ಇತ್ತು. ಭಾವ ಎರಡೂ ಕೈ ಸ್ಟೇರಿಂಗ್ ಮೇಲೆ ಇಟ್ಟುಕೊಂಡು ಎದುರಿಗೆ ನೋಡುತ್ತಿದ್ದರು. ನನ್ನ ಕಡೆ ತಿರುಗದೆಯೇ ಕೇಳಿದರು.

"ಅವ್ನು ಸಡನ್ನಾಗಿ ನುಗ್ಗಿದ್ನೋ, ನಂಗೇ ಕಾಣ್ಲಿಲ್ವೋ? ಇದ್ದದ್ದು ಇದ್ದಂಗೆ ಹೇಳಪ್ಪ."

ಅವನು ನುಗ್ಗಿದ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಂಥದ್ದನ್ನು ಹೇಳಲು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಇನ್ನೊಂದು ವಾರ ಅವರು ಸಂತೋಷವಾಗಿ ಓಡಿಸಿಕೊಂಡಿರುತ್ತಿದ್ದರು. ಅಥವಾ ಇನ್ನೊಬ್ಬ ಹುಲ್ಲಿನವನು ಅಡ್ಡ ಬರುವ ತನಕ.

"ನಿಮಗೆ ಕಾಣ್ಲಿಲ್ಲ, ಭಾವ," ಎಂದೆ. "ಅವ್ನು ಬಾಳ ದೂರದಿಂದ ಬರ್ತಿದ್ದ."

ಅವರು ತಲೆಯಾಡಿಸಿದರು. ಎಂಜಿನ್ ಆರಿಸಲಿಲ್ಲ. ಬಾಗಿಲು ತೆಗೆದು ಇಳಿದು, ಬಾನೆಟ್ಟಿನ ಮೇಲೆ ಕೈಯಾಡಿಸಿಕೊಂಡು ಸುತ್ತಿ ಬಂದು ನನ್ನ ಕಡೆಯ ಬಾಗಿಲ ಹತ್ತಿರ ನಿಂತರು. ನಾನು ಒಳಗಿನಿಂದಲೇ ಸ್ಟೇರಿಂಗಿನ ಕಡೆ ಸರಿದೆ. ಅವರು ಕುಳಿತು, ಕಿಟಕಿ ಗಾಜು ಪೂರ್ತಿ ಇಳಿಸಿದರು. ಗೇರ್ ಹಾಕಿ, ಎತ್ತಿನ ಗಾಡಿಯಂತೆ ಮೆಲ್ಲಗೆ ಬಿಟ್ಟೆ.

"ಹಿಂಗಲ್ಲ ಕಣಪ್ಪ," ಎಂದರು ಭಾವ. "ಓಡ್ಸು."